ಲಗ್ನಪತ್ರಿಕೆ ಹಂಚಿದ ಮೇಲೆ

ಸಂಸಾರವನ್ನು ಹೀನವೆಂದು ಬಗೆಯದೆ ಅದನ್ನೇ ಶಿವಪಥದ ಹೆದ್ದಾರಿಯನ್ನಾಗಿ ಮಾಡಿಕೊಟ್ಟವರು ಹನ್ನೆರಡನೆಯ ಶತಮಾನದ ಶಿವಶರಣರು. ಕಲ್ಯಾಣದ ಮಹಾಮನೆಯಲ್ಲಿ ನೆರೆದಿದ್ದವರಲ್ಲಿ ಬಹುಮಂದಿ ಸಂಸಾರವಂದಿಗರೇ ಆಗಿದ್ದರು. ಬಸವಣ್ಣನವರೊಡನೆ ಗಂಗಾಂಬಿಕೆ ನೀಲಾಂಬಿಕೆಯರು, ಆಯ್ದಕ್ಕಿ ಮಾರಯ್ಯನವರೊಡನೆ ಲಕ್ಕಮ್ಮ, ಮೋಳಿಗೆ ಮಾರಯ್ಯನವರೊಡನೆ ಮಹಾದೇವಿ, ಜೇಡರ ದಾಸಿಮಯ್ಯನವರೊಡನೆ ದುಗ್ಗಳೆ, ಹೀಗೆ ಶರಣದಂಪತಿಗಳ ಪರಂಪರೆಯೇ ನಮ್ಮ ಮುಂದಿದೆ. ಆದುದರಿಂದ ವಿವಾಹದ ಮಹತ್ತ್ವವನ್ನು ಕುರಿತ ಪ್ರವಚನಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ವಿವಾಹವು ನಿಶ್ಚಯವಾದ ದಿನದಿಂದ ಮಾಂಗಲ್ಯಧಾರಣೆಯ ಗಳಿಗೆಯವರೆಗೆ, ಆ ಕೆಲವು ವಾರಗಳಲ್ಲಿ, ಮನೆಮಂದಿಯ ಎದೆಯೊಳಗೆ ನಡೆಯುವ ತಳಮಳವನ್ನು ಕುರಿತು ಬರೆದವರು ವಿರಳ. ಅದು ಬರೆಯತಕ್ಕ ವಿಷಯವೆಂದು ನಾನೂ ಬಹುಕಾಲ ತಿಳಿದಿರಲಿಲ್ಲ.

ನಾನಿರುವುದು ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನಲ್ಲಿ. ಬೆಂಗಳೂರೆಂಬ ಹೆಸರು ಮೊದಲಿಗೆ ಕಾಣಿಸಿಕೊಳ್ಳುವುದು ನಮ್ಮೂರಿನಲ್ಲಿ ದೊರೆತ ಕ್ರಿ.ಶ. 890ರ ಸುಮಾರಿನ ವೀರಗಲ್ಲಿನಲ್ಲಿ ಎಂಬುದನ್ನು ಓದುಗರು ಬಲ್ಲರು. ಗಂಗರ ಕಾಲದ ನಾಗೇಶ್ವರ ದೇವಾಲಯವೂ ಕೆರೆಯೂ ಇಂದಿಗೂ ಇವೆ. ಉಳಿದುದೆಲ್ಲ ಬದಲಾಯಿತು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿದ ಮೇಲೆ ರಾಗಿಯ ಹೊಲಗಳು ಒಂದೊಂದಾಗಿ ಬಡಾವಣೆಗಳಾದವು. ತಿಪಟೂರು, ಗುಬ್ಬಿ, ಅರಸೀಕೆರೆ, ದಾವಣಗೆರೆ, ಹಾವೇರಿ, ವಿಜಯಪುರಗಳಿಂದ ನಮ್ಮ ಸಮಾಜದ ಅನೇಕ ಕುಟುಂಬಗಳು ಕೆಲಸವನ್ನರಸಿ ಬಂದು ಇಲ್ಲಿ ನೆಲೆಸಿದವು. ಮಠದಲ್ಲಿ ಓದಿದವನೆಂಬ ಒಂದೇ ಕಾರಣದಿಂದ ಅವರಲ್ಲಿ ಕೆಲವರು ಮೊದಲ ಲಗ್ನಪತ್ರಿಕೆಯನ್ನು ನಾಗೇಶ್ವರನ ಸನ್ನಿಧಿಯಲ್ಲಿಟ್ಟು, ಎರಡನೆಯದನ್ನು ನಮ್ಮ ಮನೆಗೆ ತರುವ ಪದ್ಧತಿಯಾಗಿದೆ. ಪತ್ರಿಕೆ ಕೊಟ್ಟು ಹೊರಡುವವರು ಬಾಗಿಲ ಬಳಿ ನಿಂತು ಆಡುವ ಮಾತೇ ಅವರು ನಿಜವಾಗಿ ಆಡಬಂದ ಮಾತು ಎಂಬುದನ್ನು ನಾನು ಅನುಭವದಿಂದ ಕಂಡುಕೊಂಡಿದ್ದೇನೆ.

ಕಳೆದ ಕಾರ್ತಿಕದ ಒಂದು ಸೋಮವಾರ ತಾಯಿಮಗಳಿಬ್ಬರು ಬಂದರು. ತಿಪಟೂರು ಕಡೆಯವರು. ಇಪ್ಪತ್ತು ವರುಷದಿಂದ ಇಲ್ಲಿ ವಾಸ. ತಂದೆಯವರು ಲಿಂಗೈಕ್ಯರಾಗಿ ಏಳು ವರುಷ ಸಂದಿದ್ದವು. ಮಗಳು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಉದ್ಯೋಗಿ. ವರನು ಹುಬ್ಬಳ್ಳಿಯ ಕಡೆಯವನು, ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಕೆಲಸಗಾರ. ಧನುರ್ಮಾಸ ಬರುವ ಮೊದಲೇ ಆಗಬೇಕೆಂದು ಮುಹೂರ್ತವಿಟ್ಟಿದ್ದರು. ಉಳಿದಿದ್ದುದು ಇಪ್ಪತ್ತನಾಲ್ಕು ದಿನ. ತಾಯಿ ಹೊರಡುವಾಗ ಕೇಳಿದರು: “ಅಯ್ಯನೋರೆ, ಧಾರೆಗೆ ನಮ್ಮ ಮೈದುನ ದಂಪತಿಗಳು ಕೂರುತ್ತಾರೆ. ನಾನು ಆ ಹೊತ್ತಿನಲ್ಲಿ ಊಟದ ಕಡೆ ನೋಡಿಕೊಳ್ಳೋಣ ಅಂತ. ಹಾಗೆ ಮಾಡಬಹುದಲ್ಲವೆ?” ಮಗಳು ಏನೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಬೀದಿಗೆ ಹೋಗಿಬಿಟ್ಟಳು.

ನಾನು ಅಂದು ಉತ್ತರ ಕೊಡಲಿಲ್ಲ. ಏಕೆ ಕೊಡಲಿಲ್ಲವೆಂಬುದನ್ನು ಹೇಳಬೇಕಾದರೆ ನನ್ನದೇ ಮನೆಯ ಮಾತೊಂದನ್ನು ಇಲ್ಲಿ ತರಬೇಕಾಗುತ್ತದೆ.

1984ರಲ್ಲಿ ನನ್ನ ತಂಗಿಯ ಮದುವೆಯಾಯಿತು. ತಂದೆಯವರು ಅದಕ್ಕೆ ನಾಲ್ಕು ವರುಷ ಮೊದಲೇ ತೀರಿಕೊಂಡಿದ್ದರು. ನಾನು ಮಠದ ಪಾಠಶಾಲೆಯಲ್ಲಿ ಓದು ಮುಗಿಸಿ ಆಗತಾನೆ ಊರಿಗೆ ಬಂದಿದ್ದೆ. ವಚನಗಳನ್ನು ಕಂಠಪಾಠ ಮಾಡಿದ್ದೆ, ಅಷ್ಟಾವರಣಗಳನ್ನು ಕುರಿತು ಗಂಟೆಗಟ್ಟಲೆ ಮಾತನಾಡಬಲ್ಲವನಾಗಿದ್ದೆ. ಮದುವೆಯ ದಿನ ಚಪ್ಪರದ ಕೆಳಗೆ ಚಿಕ್ಕಪ್ಪ ಚಿಕ್ಕಮ್ಮಂದಿರು ಧಾರೆಯೆರೆಯುತ್ತಿದ್ದಾಗ ನನ್ನ ತಾಯಿ ಉಗ್ರಾಣದ ಕೋಣೆಯಲ್ಲಿ ಅಕ್ಕಿಮೂಟೆಗಳ ಪಕ್ಕದಲ್ಲಿ ನಿಂತಿದ್ದರು. ವಾಲಗದ ಸದ್ದು ಜೋರಾದಾಗ ಮಾಂಗಲ್ಯಧಾರಣೆಯಾಯಿತೆಂದು ಅವರಿಗೆ ತಿಳಿದಿರಬೇಕು. ನಾನು ತಂಬಿಗೆ ತರಲೆಂದು ಒಳಗೆ ಹೋದವನು ಅವರನ್ನು ಕಂಡೆ. ತಂಬಿಗೆ ತೆಗೆದುಕೊಂಡು ಹೊರಗೆ ಬಂದೆ. ಅವರು ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಕಲಿತ ಮಾತು ಬಾಯಿಗೆ ಬರಬೇಕಾಗಿದ್ದ ಗಳಿಗೆ ಅದೇ ಆಗಿತ್ತು. ಆ ತಾಯಿ ಇಂದು ಇಲ್ಲ.

ಶರಣಬಂಧುಗಳೆ, ನಮ್ಮ ಧರ್ಮವು ಈ ವಿಷಯದಲ್ಲಿ ಸಂದಿಗ್ಧವಾಗಿಲ್ಲ. ಭಕ್ತನು ಗಂಡಾಗಲಿ ಹೆಣ್ಣಾಗಲಿ, ಲಿಂಗವೇ ಪತಿ, ತಾನೇ ಸತಿ ಎಂಬುದು ಶರಣಸತಿ ಲಿಂಗಪತಿ ಭಾವದ ತಿರುಳು. ಇಷ್ಟಲಿಂಗವನ್ನು ಧರಿಸಿದ ಹೆಂಗಸಿನ ಗಂಡನು ಲಿಂಗೈಕ್ಯನಾದನೆಂದು ಆಕೆಯ ಎದೆಯ ಮೇಲಣ ಲಿಂಗವನ್ನು ಯಾರೂ ತೆಗೆಯುವುದಿಲ್ಲ; ಹಣೆಯ ವಿಭೂತಿಯನ್ನು ಯಾರೂ ಅಳಿಸುವುದಿಲ್ಲ. ದೇವರೇ ಬಿಟ್ಟುಹೋಗದವಳನ್ನು ಚಪ್ಪರದಿಂದ ಹೊರಗಿಡುವ ಅಧಿಕಾರ ನಮಗೆಲ್ಲಿಂದ ಬಂತು? ಗಂಡ ಸತ್ತ ಹೆಂಗಸು ಮತ್ತೆ ಮನೆಕಟ್ಟಿಕೊಳ್ಳುವ ಉಡಿಕೆಯ ಪದ್ಧತಿ ನಮ್ಮ ಅನೇಕ ಒಳಪಂಗಡಗಳಲ್ಲಿ ರೂಢಿಯಲ್ಲಿತ್ತು. ಬಸವಣ್ಣನವರ ಅಕ್ಕ ನಾಗಲಾಂಬಿಕೆಯವರು ಕಲ್ಯಾಣದ ಕೋಲಾಹಲದ ನಂತರ ಚೆನ್ನಬಸವಣ್ಣನವರೊಡನೆ ಶರಣರ ತಂಡವನ್ನು ಉಳವಿಯತ್ತ ನಡೆಸಿದರೆಂದು ಪರಂಪರೆ ಹೇಳುತ್ತದೆ. ಅಂಥ ತಾಯಿಯನ್ನು ಅಪಶಕುನವೆಂದು ಯಾರೂ ಹಿಂದಕ್ಕೆ ಸರಿಸಲಿಲ್ಲ. ನೆರೆಹೊರೆಯ ಆಚಾರವನ್ನು ನಾವು ಯಾವಾಗಲೋ ಕಡ ತಂದೆವು. ಅದನ್ನು ಹಿಂದಿರುಗಿಸುವುದನ್ನು ಮರೆತು ನಮ್ಮದೇ ಆಸ್ತಿಯೆಂದು ಕಾಪಾಡಿಕೊಂಡು ಬಂದೆವು.

ಆ ಶನಿವಾರ ಮಗಳು ಒಬ್ಬಳೇ ಬಂದಳು. ಪಡಸಾಲೆಯಲ್ಲಿ ಕುಳಿತವಳು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಈ ಮದುವೆಯನ್ನು ನಿಲ್ಲಿಸಿಬಿಡೋಣ ಅನ್ನಿಸುತ್ತಿದೆ ಅಯ್ಯನೋರೆ” ಎಂದಳು. ಹುಡುಗನ ಮೇಲೆ ಅಸಮಾಧಾನವೆ ಎಂದು ಕೇಳಿದೆ. ಅದಲ್ಲವೆಂದಳು. ಪ್ರತಿರಾತ್ರಿ ದೂರವಾಣಿಯಲ್ಲಿ ಒಂದು ಗಂಟೆ ಮಾತನಾಡುತ್ತಾರಂತೆ; ಛತ್ರದ ಅಲಂಕಾರ, ಸೀರೆಯ ಬಣ್ಣ, ಮದುವೆಯ ಮರುದಿನದ ಪ್ರಯಾಣ ಎಲ್ಲವನ್ನೂ ಮಾತನಾಡಿದ್ದಾರಂತೆ. ಆದರೆ ಹೇಳಬೇಕಾದ ಒಂದು ಮಾತನ್ನು ಮಾತ್ರ ಹೇಳಿಲ್ಲ. ತಂದೆ ತೀರಿಕೊಂಡಂದಿನಿಂದ ತಾಯಿಯ ಮನೆಬಾಡಿಗೆ, ಔಷಧ, ತಮ್ಮನ ಓದು ಎಲ್ಲವೂ ಇವಳ ಸಂಬಳದಿಂದಲೇ ನಡೆಯುತ್ತಿದೆ. ಮದುವೆಯಾದ ಮೇಲೆ ಆ ಬಾಡಿಗೆಯನ್ನು ಕಟ್ಟುವವರು ಯಾರು? “ಹೆಣ್ಣು ಸಂಬಳ ತರುತ್ತಾಳೆ ಅಂತಲೇ ಒಪ್ಪಿದ್ದಾರೋ ಏನೋ. ಕೇಳಿದರೆ ತಪ್ಪು ತಿಳಿಯುತ್ತಾರೆ. ಕೇಳದೆ ಹೋದರೆ ನಾನು ಮೋಸ ಮಾಡಿದ ಹಾಗೆ.”

ಇಂಥ ಮಾತು ಮೂವತ್ತು ವರುಷಗಳ ಹಿಂದೆ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಅಂದು ತಂದೆಗೆ ಸಾಲದ ಚಿಂತೆ, ತಾಯಿಗೆ ಅತ್ತೆಯ ಮನೆಯ ಸ್ವಭಾವದ ಚಿಂತೆ, ಮಗಳಿಗೆ ಏನು ಚಿಂತೆಯಿತ್ತೆಂಬುದನ್ನು ಕೇಳುವವರೇ ಇರಲಿಲ್ಲ. ಇಂದು ಮಗಳೇ ಮನೆಯ ಕಂಬವಾಗಿರುವ ಕುಟುಂಬಗಳು ನಮ್ಮ ಬೀದಿಯಲ್ಲಿ ಎಷ್ಟೋ ಇವೆ. ಮದುವೆಯೆಂದರೆ ಆ ಕಂಬವನ್ನು ಕಿತ್ತು ಬೇರೆ ಮನೆಗೆ ನಿಲ್ಲಿಸುವುದೆಂದು ಹಿರಿಯರು ಈಗಲೂ ಭಾವಿಸುತ್ತಾರೆ. ಹಿಂದಿನ ಮನೆಯ ಸೂರು ಏನಾಗಬೇಕೆಂದು ಯೋಚಿಸುವುದಿಲ್ಲ. ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. ಮದುವೆಯಾದ ಮಗಳಿಗೂ ತಂದೆತಾಯಿಗಳನ್ನು ಪೋಷಿಸುವ ಹೊಣೆಯುಂಟೆಂದು ಸರ್ವೋಚ್ಚ ನ್ಯಾಯಾಲಯವು 1987ರಷ್ಟು ಹಿಂದೆಯೇ ಹೇಳಿತು. 2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯೂ ಮಗ ಮಗಳೆಂಬ ಭೇದವನ್ನೆಣಿಸುವುದಿಲ್ಲ. ಆಸ್ತಿಯಲ್ಲಿ ಸಮಪಾಲನ್ನು ಕರ್ನಾಟಕವು 1994ರಲ್ಲಿಯೇ ಜಾರಿಗೆ ತಂದ ತಿದ್ದುಪಡಿಯಿಂದ ಅವಿವಾಹಿತ ಹೆಣ್ಣುಮಕ್ಕಳಿಗೂ, 2005ರ ಕೇಂದ್ರದ ತಿದ್ದುಪಡಿಯು ವಿವಾಹಿತರಿಗೂ ಕೊಟ್ಟಿತು. ಪಾಲು ಕೊಟ್ಟ ಮೇಲೆ ಹೊಣೆಯನ್ನೂ ಒಪ್ಪಿಕೊಳ್ಳಬೇಡವೆ? ಮಗಳು ಹೊರಲು ಸಿದ್ಧಳಿದ್ದಾಗ ಅಡ್ಡಗಾಲಿಡುವುದು ಅಳಿಯನ ಮನೆಯವರಿಗೆ ಶೋಭಿಸುವ ಕೆಲಸವಲ್ಲ.

ನಾನು ಆಕೆಗೆ ಹೇಳಿದುದು ಇಷ್ಟೇ: “ಮಗಳೆ, ನಿಲ್ಲಿಸುವುದಾದರೆ ಕೇಳಿದ ಮೇಲೆ ನಿಲ್ಲಿಸು. ಕೇಳುವ ಮೊದಲೇ ನಿಲ್ಲಿಸಬೇಡ. ನಾಳೆ ಆ ಹುಡುಗನನ್ನು ಇಲ್ಲಿಗೆ ಕರೆದುಕೊಂಡು ಬಾ.”

ಅಷ್ಟರಲ್ಲಿ ನನ್ನ ಮನೆಯವರು ಆಕೆಯನ್ನು ಅಡುಗೆಮನೆಗೆ ಕರೆದರು. ಹೆಂಗಸರಿಬ್ಬರೂ ಮಾತನಾಡಿದ ಇನ್ನೊಂದು ವಿಷಯ ಆಮೇಲೆ ನನಗೆ ತಿಳಿಯಿತು. ಇದನ್ನು ಬರೆಯಲು ಸಂಕೋಚವಾಗುತ್ತದಾದರೂ ಬರೆಯದಿರುವುದು ತಪ್ಪೆಂದು ಬರೆಯುತ್ತಿದ್ದೇನೆ. ಮುಹೂರ್ತದ ದಿನವೂ ತಿಂಗಳ ದಿನವೂ ಹತ್ತಿರ ಹತ್ತಿರ ಬೀಳುತ್ತಿದ್ದುದರಿಂದ, ಮುಂದೂಡುವ ಮಾತ್ರೆಗಳನ್ನು ತೆಗೆದುಕೊಳ್ಳೆಂದು ಚಿಕ್ಕಮ್ಮ ಒತ್ತಾಯಿಸುತ್ತಿದ್ದರಂತೆ. ವೈದ್ಯರನ್ನು ಕಾಣದೆ ಔಷಧದ ಅಂಗಡಿಯಿಂದಲೇ ತರಿಸುವ ಯೋಚನೆ ನಡೆದಿತ್ತು. ಎಷ್ಟು ಮನೆಗಳಲ್ಲಿ ಇದು ಗುಟ್ಟಾಗಿ ನಡೆಯುತ್ತದೆಯೆಂಬುದನ್ನು ತಾಯಂದಿರು ಬಲ್ಲರು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ನಮ್ಮ ಧರ್ಮವು ಒಪ್ಪುವುದಿಲ್ಲ. ಲಿಂಗಧಾರಿಗೆ ಸೂತಕವಿಲ್ಲವೆಂದು ಸಾರಿದವರ ಮಕ್ಕಳು ನಾವು. ಆ ದಿನಗಳಲ್ಲಿಯೂ ನಮ್ಮ ಹೆಣ್ಣುಮಕ್ಕಳು ಲಿಂಗಪೂಜೆಯನ್ನು ಬಿಡಬೇಕಾಗಿಲ್ಲ ಎಂದ ಮೇಲೆ ಮಂಟಪವನ್ನೇರಲು ಅಡ್ಡಿಯೇನು? ದೇಹದ ಆಯಾಸಕ್ಕಾಗಿ ದಿನವನ್ನು ಆರಿಸಿಕೊಳ್ಳುವುದು ಬೇರೆ; ಅದು ಆಕೆಯ ಅನುಕೂಲ, ದಿನ ಗೊತ್ತುಮಾಡುವ ಮೊದಲೇ ಆಕೆಯನ್ನು ಕೇಳತಕ್ಕದ್ದು. ಮೈಲಿಗೆಯ ಹೆದರಿಕೆಯಿಂದ ವೈದ್ಯರ ಸಲಹೆಯಿಲ್ಲದೆ ಮಾತ್ರೆ ನುಂಗಿಸುವುದು ಬೇರೆ. ನನ್ನ ಮನೆಯವರು ಆಕೆಗೆ ಇದನ್ನೇ ಇನ್ನೂ ಚೆನ್ನಾಗಿ, ಕಡಿಮೆ ಮಾತಿನಲ್ಲಿ ಹೇಳಿದ್ದರು.

ಮರಣಸೂತಕದ ಮಾತೂ ಹೀಗೆಯೇ. ಕೆಲವು ವರುಷಗಳ ಹಿಂದೆ ನಮ್ಮ ಬೀದಿಯ ಒಂದು ಮನೆಯಲ್ಲಿ ಮದುವೆಗೆ ಹನ್ನೆರಡು ದಿನವಿರುವಾಗ ಮದುಮಗನ ಅಜ್ಜಿ ಲಿಂಗೈಕ್ಯರಾದರು. ಮೊಮ್ಮಗನ ಮದುವೆಗೆಂದು ಸೀರೆ ತೆಗೆಸಿಟ್ಟುಕೊಂಡಿದ್ದ ಅಜ್ಜಿ. ಮದುವೆಯನ್ನು ವರುಷ ಮುಂದೂಡಬೇಕೆಂದು ಬಂಧುಗಳು ಹಿಡಿದರು. ಛತ್ರಕ್ಕೆ ಕಟ್ಟಿದ ಮುಂಗಡವೂ ಹೋಗುವ ಹಾಗಿತ್ತು. ನನ್ನನ್ನು ಕೇಳಿದಾಗ, ಸೂತಕವೆಂಬ ಕಾರಣಕ್ಕೆ ಮುಂದೂಡಬೇಡಿ, ಮನಸ್ಸು ತಡೆಯದಿದ್ದರೆ ಆ ಕಾರಣಕ್ಕೆ ಮುಂದೂಡಿ ಎಂದೆ. ಅವರು ಗೊತ್ತಾದ ದಿನದಂದೇ, ವಾಲಗವಿಲ್ಲದೆ, ಮದುವೆ ನಡೆಸಿದರು. ಅಜ್ಜಿಯ ಸೀರೆಯನ್ನು ಸೊಸೆಗೆ ಉಡಿಸಿದರು.

ಭಾನುವಾರ ಹತ್ತು ಗಂಟೆಗೆ ಆ ಹುಡುಗ ಹುಡುಗಿ ಒಂದೇ ಗಾಡಿಯಲ್ಲಿ ಬಂದಿಳಿದರು. ಹುಡುಗನು ವಿನಯಶಾಲಿ, ಹಣೆಯಲ್ಲಿ ವಿಭೂತಿಯಿತ್ತು. ಗುರುಹಿರಿಯರ ಮುಂದೆ ಬರುವಾಗ ಮಾತ್ರ ಹಚ್ಚಿಕೊಳ್ಳುವ ವಿಭೂತಿಯೋ ನಿತ್ಯದ್ದೋ ಎಂದು ನೋಡುವ ಕೆಟ್ಟ ಚಾಳಿ ನನಗಿದೆ. ಅದು ನಿತ್ಯದ್ದೇ ಆಗಿತ್ತು. ಹುಡುಗಿ ತಲೆತಗ್ಗಿಸಿ ಬಾಡಿಗೆಯ ವಿಷಯವನ್ನು ಹೇಳಿದಳು. ಎಷ್ಟು ರೂಪಾಯಿ, ಎಷ್ಟು ವರುಷ, ತಮ್ಮನ ಓದು ಯಾವಾಗ ಮುಗಿಯುತ್ತದೆ, ಎಲ್ಲವನ್ನೂ ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು. ಹುಡುಗನು ಕೇಳಿ ಮುಗಿಸಿದವನು ಉತ್ತರ ಕೊಡುವ ಬದಲು ಬೆವರತೊಡಗಿದನು. ಕೊನೆಗೆ ಅವನ ಬಾಯಿಂದ ಬಂದುದು ಬೇರೆಯೇ ಮಾತು. ಹೆಣ್ಣು ನೋಡಲು ಹೋದ ದಿನ ಅವನ ಸೋದರಮಾವನವರು, “ಹುಡುಗಂದು ಪರ್ಮನೆಂಟ್ ನೌಕರಿ” ಎಂದು ಹೇಳಿದ್ದರು. ಅದು ಸುಳ್ಳು. ಅವನು ಇನ್ನೂ ಕಾಂಟ್ರ್ಯಾಕ್ಟಿನ ಮೇಲಿದ್ದನು, ವರುಷಕ್ಕೊಮ್ಮೆ ನವೀಕರಣ. ಆ ಕ್ಷಣದಲ್ಲಿ ತಿದ್ದಬೇಕಾಗಿತ್ತು, ತಿದ್ದಲಿಲ್ಲ. ನಿಶ್ಚಿತಾರ್ಥದ ದಿನ ಹೇಳೋಣವೆಂದುಕೊಂಡ, ಆಗಲಿಲ್ಲ. ಪತ್ರಿಕೆ ಅಚ್ಚಾದ ಮೇಲೆ ನಿದ್ರೆಯೇ ಇಲ್ಲವೆಂದನು.

ಆಕೆ ಅವನನ್ನು ನೋಡಿದಳು. ಪಡಸಾಲೆಯಲ್ಲಿ ಗಡಿಯಾರದ ಸದ್ದು ಕೇಳುವಷ್ಟು ಮೌನ. ಆಮೇಲೆ ಆಕೆ, “ನನ್ನದು ಬಾಡಿಗೆ, ನಿಮ್ಮದು ಕಾಂಟ್ರ್ಯಾಕ್ಟು. ಇಬ್ಬರೂ ಹೆದರಿದ್ದೇ ಬಂತು” ಎಂದು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಹುಡುಗನು, “ಬಾಡಿಗೀದೇನ್ರಿ, ಅದು ನಡೀತದ. ಇದನ್ನ ಹೆಂಗ ಹೇಳೂದು ಅಂತ ನಾ ಸಾಯಾಕತ್ತಿದ್ದೆ” ಎಂದನು. ಒಳಗಿನಿಂದ ಕಾಫಿ ಬಂತು. ಒಂದು ಗಂಟೆಯ ದೂರವಾಣಿಯಲ್ಲಿ ಇಪ್ಪತ್ತು ರಾತ್ರಿ ಹೇಳಲಾಗದುದು ಹತ್ತು ನಿಮಿಷದಲ್ಲಿ ಮುಗಿದಿತ್ತು.

ಗಂಡುಮಕ್ಕಳ ಚಿಂತೆಯನ್ನು ನಾವು ಕೇಳುವುದೇ ಇಲ್ಲ ಎಂಬುದು ನನಗೆ ಅಂದು ಹೊಳೆಯಿತು. ಮದುವಣಗಿತ್ತಿ ಅತ್ತರೆ ಅದು ಸಹಜವೆನ್ನುತ್ತೇವೆ. ಮದುಮಗ ಮೌನವಾಗಿದ್ದರೆ ಗಂಭೀರನೆನ್ನುತ್ತೇವೆ. ಹೊಸೂರು ರಸ್ತೆಯುದ್ದಕ್ಕೂ ಇರುವ ಕಾರ್ಖಾನೆ ಕಚೇರಿಗಳಲ್ಲಿ ಈ ವರುಷ ಇದ್ದ ಕೆಲಸ ಮುಂದಿನ ವರುಷ ಇರುವುದೆಂದು ನಂಬಿಕೆಯಿಲ್ಲ. ಮನೆಯ ಮುಂಗಡ, ಬಾಡಿಗೆ, ಊರಿನಲ್ಲಿರುವ ತಂದೆತಾಯಿಗಳು, ರಾತ್ರಿಪಾಳಿ, ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಆ ಹುಡುಗರು ಬಾಸಿಂಗ ಕಟ್ಟಿಕೊಳ್ಳುತ್ತಾರೆ. ದಾಸಿಮಯ್ಯನವರು ವಧುವನ್ನು ಪರೀಕ್ಷಿಸಿದ ಕಥೆಯನ್ನು ನಾವು ಎಲ್ಲೆಲ್ಲಿಯೂ ಹೇಳುತ್ತೇವೆ: ಮರಳು ಬೆರೆತ ಅಕ್ಕಿಯನ್ನೂ ಕಬ್ಬನ್ನೂ ಕೊಟ್ಟು, ಬೇರೆ ನೀರು ಸೌದೆಗಳಿಲ್ಲದೆ ಪಾಯಸ ಮಾಡಬೇಕೆಂದರಂತೆ; ದುಗ್ಗಳೆಯು ಮರಳನ್ನು ಬೇರ್ಪಡಿಸಿ, ಕಬ್ಬಿನ ರಸದಲ್ಲಿ, ಅದರದೇ ಸಿಪ್ಪೆಯ ಉರಿಯಲ್ಲಿ ಪಾಯಸ ಮಾಡಿಕೊಟ್ಟಳಂತೆ. ಇಂದಿನ ಹುಡುಗರ ಕೈಗೂ ಆ ಮರಳಕ್ಕಿಯೇ ಬಂದಿದೆ. ಇಬ್ಬರೂ ಕುಳಿತು ಆರಿಸಬೇಕಾಗಿದೆ.

ಎರಡು ಸೀಮೆಗಳ ಸಂಬಂಧವಾದ್ದರಿಂದ ಬೇರೆ ತೊಡಕುಗಳೂ ಇದ್ದವು. ಅವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಉತ್ತರದ ಅನೇಕ ಮನೆತನಗಳಲ್ಲಿ ಮದುವೆ ನಡೆಯುವುದು ಗಂಡಿನ ಮನೆಯಲ್ಲಿ. ಹಳೆಯ ಮೈಸೂರಿನವರಿಗೆ ಹೆಣ್ಣಿನ ಕಡೆಯವರೇ ನಡೆಸಬೇಕು. ಅವರಿಗೆ ವೀರಭದ್ರದೇವರ ಗುಗ್ಗುಳ ಬೇಕು, ಸುರಿಗೆ ಬೇಕು. ಇವರಿಗೆ ವರಪೂಜೆ, ಆರತಕ್ಷತೆ ಬೇಕು. ಒಬ್ಬರದು ಜೋಳದ ರೊಟ್ಟಿ, ಒಬ್ಬರದು ಅನ್ನಸಾರು. ಇದರಲ್ಲಿ ಧರ್ಮದ ಪ್ರಶ್ನೆ ಯಾವುದೂ ಇಲ್ಲ. ಲಿಂಗದೀಕ್ಷೆಯಾಗಿದೆಯೆ, ಆಗಿಲ್ಲದಿದ್ದರೆ ಮದುವೆಗೆ ಮೊದಲು ಆಗಲಿ ಎಂಬುದನ್ನು ಬಿಟ್ಟರೆ ಉಳಿದುದೆಲ್ಲ ಹೊಂದಾಣಿಕೆಯ ಮಾತು. ಇವರಲ್ಲಿ ಖರ್ಚನ್ನು ಎರಡೂ ಕಡೆಯವರು ಸಮವಾಗಿ ಹಂಚಿಕೊಂಡರು. ಗುಗ್ಗುಳವು ಹುಬ್ಬಳ್ಳಿಯಲ್ಲಾಯಿತು, ಧಾರೆ ಇಲ್ಲಾಯಿತು.

ಹೋಮವೂ ಸಪ್ತಪದಿಯೂ ಇಲ್ಲದ ನಮ್ಮ ಮದುವೆ ಕಾನೂನಿನಲ್ಲಿ ನಿಲ್ಲುತ್ತದೆಯೆ ಎಂದು ಹುಡುಗಿಯ ತಮ್ಮನು ಕೇಳಿದನು. ಜಾಣ ಪ್ರಶ್ನೆ. 1955ರ ಹಿಂದೂ ವಿವಾಹ ಕಾಯಿದೆಯು ತನ್ನ ವ್ಯಾಪ್ತಿಯಲ್ಲಿ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಟ್ಟೇ ಹೇಳಿದೆ. ವಧೂವರರಲ್ಲಿ ಯಾವ ಪಕ್ಷದ ರೂಢಿಯ ವಿಧಿಗಳಿಂದ ನಡೆದರೂ ಮದುವೆ ಸಿಂಧುವೆಂದು ಅದರ ಏಳನೆಯ ಕಲಮು ಹೇಳುತ್ತದೆ. ಸಪ್ತಪದಿಯು ಆ ರೂಢಿಯ ಅಂಗವಾಗಿದ್ದರೆ ಮಾತ್ರ ಅದು ಅವಶ್ಯಕ. ಆದುದರಿಂದ ಜಂಗಮರ ಸಮ್ಮುಖದಲ್ಲಿ, ನಮ್ಮ ರೂಢಿಯಂತೆ ಮಾಂಗಲ್ಯಧಾರಣೆಯಾದರೆ ಸಾಕು. ಆದರೆ ವಿಧಿಯನ್ನೇ ನಡೆಸದೆ ಬರಿಯ ನೋಂದಣಿ ಪತ್ರದಿಂದ ಈ ಕಾಯಿದೆಯ ಮದುವೆ ಆಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ಸ್ಪಷ್ಟಪಡಿಸಿತು. ವಿಧಿಯೂ ಬೇಕು, ನೋಂದಣಿಯೂ ಬೇಕು. ನೋಂದಣಿ ಕಡ್ಡಾಯವಾಗಬೇಕೆಂದು ಅದೇ ನ್ಯಾಯಾಲಯ 2006ರಲ್ಲಿ ಹೇಳಿತ್ತು.

ಇನ್ನು ಹಣದ ಮಾತು. ಈ ಮನೆಯವರು ವರದಕ್ಷಿಣೆ ಕೇಳಲಿಲ್ಲ. ಆದರೆ ಬೇರೆ ಮನೆಗಳಲ್ಲಿ, “ನಮಗೇನೂ ಬೇಡ, ನಿಮ್ಮ ಮಗಳಿಗೆ ನಿಮ್ಮ ಸಂತೋಷಕ್ಕೆ ಏನು ಕೊಡುತ್ತೀರೋ ಕೊಡಿ” ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆ ಸಂತೋಷವು ಕಾರಿನಷ್ಟು ದೊಡ್ಡದಿರಬೇಕೋ ಸೈಟಿನಷ್ಟು ದೊಡ್ಡದಿರಬೇಕೋ ಎಂಬುದು ಮದುವೆಗೆ ಹತ್ತು ದಿನ ಉಳಿದಾಗ ಯಾರೋ ಮೂರನೆಯವರ ಬಾಯಿಂದ ತಿಳಿಯುತ್ತದೆ. ಅಷ್ಟು ಹೊತ್ತಿಗೆ ಪತ್ರಿಕೆ ಹಂಚಿ ಮುಗಿದಿರುತ್ತದೆ. ಮಾನಕ್ಕೆ ಅಂಜಿದ ತಂದೆ ಸಾಲಕ್ಕೆ ಹೋಗುತ್ತಾನೆ. 2025ರಲ್ಲಿ ಚಿನ್ನವು ಗ್ರಾಮಿಗೆ ಹತ್ತು ಸಾವಿರ ರೂಪಾಯಿಯನ್ನು ದಾಟಿದಾಗ, ಮೊದಲೇ ಇಷ್ಟು ತೊಲವೆಂದು ಒಪ್ಪಿಕೊಂಡಿದ್ದ ಒಬ್ಬ ತಂದೆ ನನ್ನ ಮುಂದೆ ಕುಳಿತು ಮಾತನಾಡಲಾರದೆ ಹೋದುದನ್ನು ಕಂಡಿದ್ದೇನೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯು ಕೇಳುವವನನ್ನೂ, ಪಡೆಯುವವನನ್ನೂ, ಕೊಡುವವನನ್ನೂ ಅಪರಾಧಿಯೆನ್ನುತ್ತದೆ; ಕೊಟ್ಟರೂ ಪಡೆದರೂ ಐದು ವರುಷಕ್ಕೆ ಕಡಿಮೆಯಿಲ್ಲದ ಸೆರೆವಾಸ. ಸ್ವಂತ ಇಚ್ಛೆಯಿಂದ ಕೊಡುವ ಉಡುಗೊರೆಗಳಿಗೂ 1985ರ ನಿಯಮಗಳ ಪ್ರಕಾರ ಪಟ್ಟಿಯಿರಬೇಕು. ವಧುವಿಗೆ ಬಂದುದನ್ನು ವಧು, ವರನಿಗೆ ಬಂದುದನ್ನು ವರ, ಬರವಣಿಗೆಯಲ್ಲಿ, ಬೆಲೆ ಸಹಿತವಾಗಿ, ಕೊಟ್ಟವರ ಹೆಸರಿನೊಡನೆ ಬರೆದು, ಇಬ್ಬರೂ ಸಹಿ ಮಾಡಿ ಇಟ್ಟುಕೊಳ್ಳತಕ್ಕದ್ದು. ಹೀಗೆ ಪಟ್ಟಿ ಮಾಡಿದ ಮನೆಯನ್ನು ನಾನು ಕಂಡುದು ಕಡಿಮೆ. ಅದನ್ನು ಅಪನಂಬಿಕೆಯೆಂದು ತಿಳಿಯುತ್ತಾರೆ. ಅಂಗಡಿಯ ಖಾತೆ ಬರೆಯುವ ಸಮಾಜಕ್ಕೆ ಇದೊಂದು ಪಟ್ಟಿ ಭಾರವಾಗಬಾರದು.

ಮಾರಯ್ಯನವರು ಒಂದು ದಿನ ಅಂಗಳದಲ್ಲಿ ಬಿದ್ದಿದ್ದ ಅಕ್ಕಿಯನ್ನು ಎಂದಿಗಿಂತ ಹೆಚ್ಚಾಗಿ ಆಯ್ದು ತಂದಾಗ, ಅಷ್ಟನ್ನು ಹಿಂದಿರುಗಿಸಿ ಬನ್ನಿರೆಂದು ಲಕ್ಕಮ್ಮನವರು ಕಳುಹಿಸಿದರು. ಅವರ ದಾಂಪತ್ಯದಲ್ಲಿ ಬೇಡವೆನ್ನುವ ಅಧಿಕಾರ ಹೆಂಡತಿಗಿತ್ತು. ಇಂದು ಮದುವೆಯ ಖರ್ಚಿನ ಪಟ್ಟಿಯನ್ನು ಹಿರಿಯರು ತಯಾರಿಸುವಾಗ ಆ ಮಕ್ಕಳಿಬ್ಬರಲ್ಲಿ ಒಬ್ಬರಾದರೂ ‘ಇದು ಹೆಚ್ಚಾಯಿತು’ ಎನ್ನುವಂತಿದ್ದರೆ ಅರ್ಧ ಸಾಲ ಕಡಿಮೆಯಾದೀತು. ಸಾಲವನ್ನೇ ಮಾಡದೆ ಮದುವೆಯಾಗಬಯಸುವವರಿಗೆ ದಾರಿಗಳೂ ಇವೆ. ಧರ್ಮಸ್ಥಳದಲ್ಲಿ 1972ರಲ್ಲಿ ಆರಂಭವಾದ ಸಾಮೂಹಿಕ ವಿವಾಹಗಳು ನಾಡಿಗೇ ಮಾದರಿಯಾದವು. ಸುತ್ತೂರಿನ ಜಾತ್ರೆಯಲ್ಲಿಯೂ ಪ್ರತಿವರುಷ ಅನೇಕ ಜೋಡಿಗಳು ಸತಿಪತಿಗಳಾಗುತ್ತಾರೆ. ಸಾಮೂಹಿಕ ವಿವಾಹವೆಂದರೆ ಬಡವರದೆಂಬ ಭಾವನೆಯಿಂದ ಉಳ್ಳವರು ದೂರವಿರುವುದು ನನಗೆ ಬೇಸರದ ಸಂಗತಿ.

ಕಲ್ಯಾಣದ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಲಗ್ನವು ಗೊತ್ತಾದ ಮೇಲಿನ ದಿನಗಳನ್ನು ನಾನು ಆಗಾಗ ಊಹಿಸಿಕೊಳ್ಳುತ್ತೇನೆ. ಹರಳಯ್ಯನವರದು ಚಮ್ಮಾರರ ಮನೆ, ಮಧುವರಸರದು ಬ್ರಾಹ್ಮಣ ಮನೆ. ಆ ತಂದೆಗಳಿಬ್ಬರನ್ನೂ ಎಳೆಹೂಟೆಗೆ ಕಟ್ಟಿಸಿದರೆಂದು ಚರಿತ್ರೆ ಹೇಳುತ್ತದೆ. ಮದುವೆಗೆ ಮುಂಚಿನ ರಾತ್ರಿಗಳಲ್ಲಿ ಅವರಿಗೆ ನಿದ್ರೆ ಬಂದಿತ್ತೆ? ಅವರ ಮನೆಯಾಕೆಯರು ಏನನ್ನು ಮಾತನಾಡಿಕೊಂಡರು? ಪುರಾಣಗಳು ಇದನ್ನು ಬರೆದಿಡಲಿಲ್ಲ. ನಮ್ಮ ಇಂದಿನ ಚಿಂತೆಗಳು ಅದರ ಮುಂದೆ ಸಣ್ಣವೇ ಸರಿ. ಆದರೆ ಪಡುವವರಿಗೆ ಅವು ಸಣ್ಣವಲ್ಲ.

ಮತ್ತೆ ಆ ತಾಯಿಯ ಮಾತಿಗೆ ಬರುತ್ತೇನೆ. ಹುಡುಗನ ಸಮಕ್ಷಮದಲ್ಲಿಯೇ ಅವನ ಅಜ್ಜಿಗೆ ದೂರವಾಣಿ ಮಾಡಿಸಿದೆ. ಎಂಬತ್ತು ದಾಟಿದ ಆ ವೃದ್ಧೆಯೂ ಗಂಡನನ್ನು ಕಳೆದುಕೊಂಡವರೇ. ವಿಷಯವನ್ನು ಕೇಳಿ, “ಲಿಂಗಾ ಕಟ್ಟಿಕೊಂಡಾಕಿಗೆ ಎಂಥಾ ಅಪಶಕುನಾರೀ? ಹೆತ್ತಾಕಿ ಕೈ ಮುಟ್ಟದ ಧಾರಿ ನಮಗ ಬ್ಯಾಡ” ಎಂದರು. ಅಷ್ಟಾವರಣಗಳ ಮೇಲೆ ನಾನು ಮಾಡಿದ ಯಾವ ಭಾಷಣವೂ ಇಷ್ಟು ಚಿಕ್ಕದಾಗಿರಲಿಲ್ಲ.

ಗಂಡಿನ ಕಡೆಯವರು ಒಪ್ಪಿದರು, ಮಗಳು ಬಯಸಿದಳು. ಒಪ್ಪದೆ ಉಳಿದವರು ತಾಯಿಯೊಬ್ಬರೇ. “ಏನಾದರೂ ಹೆಚ್ಚುಕಡಿಮೆಯಾದರೆ ನನ್ನಿಂದ ಆಯಿತು ಅಂತ ನನ್ನ ಮನಸ್ಸೇ ಹೇಳುತ್ತೆ ಅಯ್ಯನೋರೆ. ಜನ ಹೇಳಿದರೆ ತಡಕೋತೀನಿ” ಎಂದರು. ಈ ಮಾತಿಗೆ ನನ್ನಲ್ಲಿ ಶಾಸ್ತ್ರವಿರಲಿಲ್ಲ. ನಾನು ಅವರಿಗೆ 1984ರ ಉಗ್ರಾಣದ ಕೋಣೆಯ ಮಾತನ್ನು ಹೇಳಿದೆ. ಅದುವರೆಗೆ ಅದನ್ನು ನನ್ನ ಮನೆಯವರಿಗೂ ಹೇಳಿರಲಿಲ್ಲ. ಅವರು ಕೇಳಿಸಿಕೊಂಡು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕುಳಿತಿದ್ದು ಎದ್ದು ಹೋದರು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಮದುವೆಯ ದಿನ ಬೆಳಗ್ಗೆ ಛತ್ರದಲ್ಲಿ ಮೈದುನ ದಂಪತಿಗಳೇ ಮಣೆಯ ಮೇಲೆ ಕುಳಿತಿದ್ದರು. ಜಂಗಮರು ಪಂಚಕಳಶಗಳನ್ನು ಸ್ಥಾಪಿಸಿ ಆಗಿತ್ತು. ತಾಯಿ ಕಾಣಲಿಲ್ಲ. ನಾನು ಊಟದ ಮನೆಯ ಬಾಗಿಲತ್ತ ನೋಡುತ್ತಿದ್ದೆ; ಮದುವಣಗಿತ್ತಿಯೂ ಅತ್ತಲೇ ನೋಡುತ್ತಿದ್ದಳು. ಧಾರೆಯ ತಂಬಿಗೆಯನ್ನೆತ್ತುವ ಹೊತ್ತಿಗೆ ಅವರು ಬಂದರು. ಹಣೆಯ ತುಂಬ ವಿಭೂತಿ. ಮಣೆಯ ಮೇಲೆ ಕೂರಲಿಲ್ಲ. ಮಗಳ ಹಿಂದೆ ನಿಂತು ಬಗ್ಗಿ, ಮೈದುನನ ಕೈಯ ಕೆಳಗೆ ತಮ್ಮ ಕೈಯನ್ನಿಟ್ಟರು. ನೀರು ಮೂರು ಜನರ ಕೈಯ ಮೇಲೆ ಹಾದು ವಧೂವರರ ಕೈಗೆ ಬಿತ್ತು. ಮೈದುನನ ಹೆಂಡತಿಗೆ ಇದು ಸರಿಬರಲಿಲ್ಲ. ಆಕೆ ಊಟ ಮಾಡದೆ ಹೊರಟುಹೋದರು, ಈಗಲೂ ಮಾತು ಅಷ್ಟಕ್ಕಷ್ಟೇ ಎಂದು ಕೇಳಿದ್ದೇನೆ.

ಮದುವೆಯಾಗಿ ಮೂರು ವಾರಕ್ಕೆ ದಂಪತಿಗಳು ನೋಂದಣಿಗೆಂದು ಉಪನೋಂದಣಾಧಿಕಾರಿಗಳ ಕಚೇರಿಗೆ ಹೊರಟಾಗ ಸಾಕ್ಷಿಯಾಗಿ ನನ್ನನ್ನೂ ಕರೆದರು. ಲಗ್ನಪತ್ರಿಕೆ, ಭಾವಚಿತ್ರ, ವಯಸ್ಸಿನ ದಾಖಲೆಗಳೆಲ್ಲ ಸರಿಯಾಗಿದ್ದವು. ಗುಮಾಸ್ತರು ಕಾಗದವನ್ನು ತಿರುಗಿಸಿ, “ಮೊದಲನೆಯ ಸಾಕ್ಷಿ ಯಾರು?” ಎಂದು ಕೇಳಿದರು. ನಾನು ಲೇಖನಿಯನ್ನು ತೆಗೆಯುವಷ್ಟರಲ್ಲಿ ಆ ತಾಯಿ ಮುಂದೆ ಬಂದು, ಕನ್ನಡಕ ಹಾಕಿಕೊಂಡು, ದುಂಡಗಿನ ಕನ್ನಡ ಅಕ್ಷರಗಳಲ್ಲಿ ನಿಧಾನವಾಗಿ ತಮ್ಮ ಹೆಸರನ್ನು ಬರೆದರು. ನಾನು ಎರಡನೆಯ ಸಾಲಿನಲ್ಲಿ ಸಹಿ ಹಾಕಿದೆ.